ಸೂಚನೆಯಿಲ್ಲದ ಭೇಟಿ

ಧಾನೋರಿಯ ಗುಡ್ಡಕ್ಕೆ ಬೆನ್ನು ಕೊಟ್ಟ ಕಟ್ಟಡ,
ಮೂರನೇ ಮಹಡಿ, ಲಿಫ್ಟಿಗೆ ಹಗ್ಗ ಕಟ್ಟಿದ್ದಾರೆ.
ಹೇಳದೆ ಬರಬೇಕೆಂಬುದು ನಿಯಮ.
ಹಾಗಾಗಿ ಚಪ್ಪಲಿಯ ಸದ್ದನ್ನೂ ಬಿಗಿಹಿಡಿದು ಹತ್ತಿದೆ,
ಬಗಲಲ್ಲಿ ಹನ್ನೊಂದು ಪುಟದ ನಮೂನೆ.

ಬಾಗಿಲು ತೆರೆದವನ ಬಾಯಲ್ಲಿ ಬ್ರಷ್ಷು.
ಒಳಗೆ ಯಾರೋ ಯಾರಿಗೋ, "ಆಲ್ಯಾ ರೇ, ಮ್ಯಾಡಮ್ ಆಲ್ಯಾ!"
ಒಂದು ಚಾದರ ತನ್ನಷ್ಟಕ್ಕೆ ಮಡಚಿಕೊಂಡಿತು,
ಗೋಡೆಯ ನಟಿ ತಿರುಗಿ ಕ್ಯಾಲೆಂಡರಾದಳು.

ಆರು ಹುಡುಗರು. ಹದಿನೆಂಟು ದಾಟಿದವರು, ಇಪ್ಪತ್ತೊಂದು ಮುಟ್ಟದವರು.
ಹುಟ್ಟಿದ ದಿನದ ಕಾಲಂ ತುಂಬುತ್ತಾ ಹೋದೆ:
ಜೂನ್ ಒಂದು. ಜೂನ್ ಒಂದು. ಜೂನ್ ಒಂದು.
ಮಣಿಕಟ್ಟಿನ ಎಲುಬಿನ ಫೋಟೊ ನೋಡಿ
ಸರಕಾರಿ ಡಾಕ್ಟರು ಕೊಟ್ಟ ವಯಸ್ಸು,
ಹೆಡ್‌ಮಾಸ್ತರು ಕೊಟ್ಟ ತಾರೀಖು.
ಮಳೆ ಶುರುವಾಗುವ ವಾರ
ಒಂದೇ ಕೇಕಿಗೆ ಆರೂ ಜನ ಊದುತ್ತಾರಂತೆ.
ಆ ದಿನ ಯಾರಿಗಾದರೂ ಇಪ್ಪತ್ತೊಂದು ತುಂಬಿದರೆ
ಮಾರನೇ ದಿನ ಅವನ ಗಂಟು ಹೊಸ್ತಿಲಲ್ಲಿ.

ಪ್ರಶ್ನೆ ಒಂಬತ್ತು, ಗಾಳಿ ಬೆಳಕು. ಇದೆ.
ಕಿಟಕಿಯಲ್ಲಿ ವಿಮಾನ ಇಳಿಯುವುದು ಕಾಣುತ್ತದೆ;
ಪ್ರತಿ ಸಲ ಪಾತ್ರೆಗಳು ನಡುಗುತ್ತವೆ, ಮಾತು ನಿಲ್ಲುತ್ತದೆ,
ನಿಂತ ಅಕ್ಷರದಿಂದಲೇ ಮತ್ತೆ ಶುರುವಾಗುತ್ತದೆ.
ಹದಿನಾಲ್ಕು, ಬೆಂಕಿ ಆರಿಸುವ ಸಾಧನ. ಇದೆ.
ಕೆಂಪು ಸಿಲಿಂಡರಿನ ಕೊರಳಿಗೆ ಒದ್ದೆ ಸಾಕ್ಸು.
ಹತ್ತೊಂಬತ್ತು, ಒಬ್ಬೊಬ್ಬರಿಗೂ ಬೀಗವಿರುವ ಕಪಾಟು.
ತೆರೆದು ತೋರಿಸು ಎಂದೆ.
ನಮೀರ ನನ್ನನ್ನೇ ನೋಡಿದ:
"ತೋರಿಸೋದಾದರೆ ಬೀಗ ಯಾಕೆ ಮ್ಯಾಡಮ್?"
ಪೆನ್ನಿಗೆ ಕ್ಯಾಪು ಹಾಕಿ, ತೆಗೆದು,
'ಇದೆ' ಎಂದಷ್ಟೇ ಬರೆದೆ.

ಇಪ್ಪತ್ತೆರಡು, ದೂರು ಪೆಟ್ಟಿಗೆ.
ಫ್ರಿಜ್ಜಿನ ಮೇಲಿತ್ತು, ಧೂಳು ಹೊದ್ದು.
ಇದರ ಕೀಲಿ ಎಲ್ಲಿ ಎಂದರೆ ವೈಜಯಂತಿ ಮಾವಶಿ
ಮೊದಲು ಡಬ್ಬಿಗಳಲ್ಲಿ ಹುಡುಕಿದಳು, ಆಮೇಲೆ ದೇವರ ಹಿಂದೆ,
ಆಮೇಲೆ ನನ್ನ ಮುಖದಲ್ಲಿ.
ಅಲ್ಲಾಡಿಸಿದೆ. ಕಾಗದದ ಸದ್ದಲ್ಲ.
ವೆಲ್ಡಿಂಗ್ ಕಲಿಯುವ ಓಂಕಾರ ಸ್ಕ್ರೂಡ್ರೈವರ್ ತಂದ;
ನಾಲ್ಕೇ ತಿರುವಿಗೆ ಹಿಂಬದಿ ಕಳಚಿತು.
ಇಷ್ಟು ಸುಲಭವಿತ್ತು, ಯಾರೂ ಮುಟ್ಟಿರಲಿಲ್ಲ.

ಒಳಗೊಂದು ಚೀಟಿ: ನನ್ನ ಮೊಸರು ತಿಂದವ ಹೇಳಿಬಿಡಲಿ.
ಮತ್ತೆ ಒಂದು ಮನೆಯ ಕೀಲಿಕೈ,
ನೀಲಿ ದಾರ ಸುತ್ತಿದ್ದು.

"ಅಗೋ ಬಾಯಿ, ಇದು ಭಾನುದಾಸನದು!
ಹೋದ ವರ್ಷ ಹೋದವ. ಕಳಕೊಂಡಿದ್ದಾನೆ ಅಂತ
ಡಿಪಾಜಿಟ್ಟಿನಲ್ಲಿ ಎಂಬತ್ತು ರೂಪಾಯಿ ಮುರಿದೆವು.
ಒಂದು ಮಾತೂ ಆಡಲಿಲ್ಲ ಹುಡುಗ."

ಈಗೆಲ್ಲಿ?
ಚಾಕಣದ ಕಾರ್ಖಾನೆ, ಎಂದ ಒಬ್ಬ.
ಅದನ್ನ ಬಿಟ್ಟ, ಟೆಂಪೊ ಓಡಿಸ್ತಾನೆ, ಎಂದ ಇನ್ನೊಬ್ಬ.
ಫೋನು ಸ್ವಿಚ್ಚಾಫು, ಎಂದ ಮೂರನೆಯವ,
ಹಚ್ಚಿ ಹಚ್ಚಿ ನೋಡಿದವನ ದನಿಯಲ್ಲಿ.
ಹೋದವರ ಬಗ್ಗೆ ನಮೂನೆಯಲ್ಲಿ ಪ್ರಶ್ನೆಯಿಲ್ಲ.

ಕೀಲಿಕೈ ಹಿಡಿದು ಬಾಗಿಲಿಗೆ ಹೋದೆ.
ಅರ್ಧ ಹೊಕ್ಕಿತು. ನಿಂತಿತು.
"ಬೀಗ ಬದಲಿಸಿದೀವಲ್ಲ," ಅಂದಳು ಮಾವಶಿ,
"ಹೋದ ಸಲದ ನಿಮ್ಮ ವರದಿಯಲ್ಲೇ ಇತ್ತು,
ಕೀಲಿ ಕಳೆದಿದ್ದರೆ ಬೀಗ ಬದಲಿಸತಕ್ಕದ್ದು ಅಂತ."
ಫೈಲು ತಂದು ತೋರಿಸಿದಳು.
ಸಹಿ ನನ್ನದೇ. ಉದ್ದನೆಯ ಬಾಲದ್ದು.

ಕೀಲಿಕೈಯನ್ನು ಯಾರೂ ತೆಗೆದುಕೊಳ್ಳಲಿಲ್ಲ.
ಓಂಕಾರ ಅದನ್ನು ಪೆಟ್ಟಿಗೆಯೊಳಗೇ ಇಟ್ಟು
ನಾಲ್ಕೂ ಸ್ಕ್ರೂ ಬಿಗಿದ.

ಮೆಟ್ಟಿಲಿಗೆ ಬಲ್ಬಿಲ್ಲ. ಸಿದ್ರಾಮ ಟಾರ್ಚು ಹಿಡಿದು ಜತೆಗೆ ಬಂದ.
ಒಂದು ಮಹಡಿ ಇಳಿಯುವ ತನಕ ಮರಾಠಿ.
ಆಮೇಲೆ, ನನ್ನ ಕೊರಳ ಕಾರ್ಡಿನ ಅಡ್ಡಹೆಸರಿಗೆ ಬೆಳಕು ಬಿಟ್ಟು,
"ಮೈಂದರ್ಗಿಕರ... ನಿಮಗ ಕನ್ನಡ ಬರ್ತದೇನ್ರಿ?"
ಸೊಲ್ಲಾಪುರದ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಾಗ ಏಳು ವರ್ಷದವ;
ಏಳೋ ಎಂಟೋ, ಎಲುಬಿಗೇ ಗೊತ್ತು.
ಅವನಲ್ಲಿ ಉಳಿದ ಕನ್ನಡ
ಊಟದ್ದು, ನೀರಿಂದು, ಬೈಗುಳದ್ದು.

"ಮತ್ತ ಯಾವಾಗ ಬರ್ತೀರಿ?"
ಹೇಳೋ ಹಂಗಿಲ್ಲಪ್ಪ, ನಿಯಮ ಅದ, ಅಂದೆ.
ಅವ ಒಂದಿಷ್ಟು ಮೆಟ್ಟಿಲು ಸುಮ್ಮನೆ ಇಳಿದ.

"ಹೇಳೇ ಬರ್ರಿ.
ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕ್ತೀವಿ."